ಭೂಕಂಪ ಯಾವಾಗ ಅಂತ ಗೊತ್ತಿಲ್ಲ, ಯಾವ ಗುಡ್ಡ ಬೀಳುತ್ತೆ ಅಂತ ಗೊತ್ತಿದೆ

ಎಲ್ಲಾದರೂ ಭೂಮಿ ನಡುಗಿದ ಸುದ್ದಿ ಬಂದರೆ ನಾವು ಕೇಳುವ ಮೊದಲ ಪ್ರಶ್ನೆ ಒಂದೇ: ‘ರಿಕ್ಟರ್ ಮಾಪಕದಲ್ಲಿ ಎಷ್ಟು?’ ಟಿವಿ ಪರದೆಯ ಮೇಲೆ ಆ ಸಂಖ್ಯೆ ದೊಡ್ಡದಾಗಿ ಬರುತ್ತೆ. ವಾಟ್ಸಾಪ್‌ನಲ್ಲಿ ಅದೇ ಓಡಾಡುತ್ತೆ. ಸಂಜೆ ಹೊತ್ತಿಗೆ ಸತ್ತವರ ಸಂಖ್ಯೆ ಅದರ ಪಕ್ಕ ಬಂದು ಕೂರುತ್ತೆ. ಎರಡು ಅಂಕಿಯಲ್ಲಿ ದುರಂತದ ಕತೆ ಮುಗಿದುಹೋಗುತ್ತೆ.

ಆದರೆ ಬೆಟ್ಟದ ಸೀಮೆಯಲ್ಲಿ ಭೂಕಂಪ ಆದಾಗ ಈ ಸಂಖ್ಯೆ ನಮಗೆ ಹೇಳೋದು ಬಹಳ ಕಡಿಮೆ. ಮೂರು ಭೂಕಂಪಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2008ರ ಮೇ 12. ಚೀನಾದ ಸಿಚುವಾನ್ ಪ್ರಾಂತ್ಯದ ವೆಂಚುವಾನ್. ಮ್ಯಾಗ್ನಿಟ್ಯೂಡ್ 7.9. ಉಪಗ್ರಹ ಚಿತ್ರಗಳಲ್ಲಿ ವಿಜ್ಞಾನಿಗಳು ಗುರುತಿಸಿದ ಭೂಕುಸಿತಗಳು ಸುಮಾರು 2 ಲಕ್ಷ.

2015ರ ಏಪ್ರಿಲ್ 25. ನೇಪಾಳದ ಗೂರ್ಖಾ. ಮ್ಯಾಗ್ನಿಟ್ಯೂಡ್ 7.8. ಭೂಕುಸಿತಗಳು ಸುಮಾರು 25 ಸಾವಿರ.

2018ರ ಸೆಪ್ಟೆಂಬರ್ 6. ಜಪಾನಿನ ಹೊಕ್ಕೈಡೊ ದ್ವೀಪ. ಮ್ಯಾಗ್ನಿಟ್ಯೂಡ್ 6.6. ಭೂಕುಸಿತಗಳು ಸುಮಾರು 6 ಸಾವಿರ. ಅದೂ ಹಿಮಾಲಯದಂಥ ಜಾಗದಲ್ಲಿ ಅಲ್ಲ, 400 ಮೀಟರ್ ಎತ್ತರವನ್ನೂ ಮುಟ್ಟದ ದಿಣ್ಣೆಗಳಲ್ಲಿ.

ಮೊದಲ ಎರಡು ಭೂಕಂಪಗಳ ಗಾತ್ರ ಹೆಚ್ಚೂಕಡಿಮೆ ಒಂದೇ, ಕುಸಿತಗಳ ಲೆಕ್ಕದಲ್ಲಿ ಮಾತ್ರ ಸುಮಾರು 8 ಪಟ್ಟು ವ್ಯತ್ಯಾಸ. ಮೂರನೆಯದರಲ್ಲಿ ಹೊರಬಿದ್ದ ಶಕ್ತಿ ಗೂರ್ಖಾದ್ದಕ್ಕೆ ಹೋಲಿಸಿದರೆ ಸುಮಾರು 60ರಲ್ಲಿ 1 ಪಾಲು, ಆದರೂ 20-25 ಕಿ.ಮೀ. ಅಗಲದ ಸಣ್ಣ ಪ್ರದೇಶದಲ್ಲಿ ದಿಣ್ಣೆಗೆ ದಿಣ್ಣೆಯೇ ಸಿಪ್ಪೆ ಸುಲಿದ ಹಾಗೆ ಜಾರಿಬಿತ್ತು. ಒಬ್ಬೊಬ್ಬ ವಿಜ್ಞಾನಿ ಎಣಿಸುವ ಕ್ರಮ ಬೇರೆ ಇರುತ್ತೆ, ನಿಜ. ಅದನ್ನು ಕಳೆದರೂ ಇಷ್ಟು ದೊಡ್ಡ ಅಂತರ ಉಳಿಯುತ್ತೆ. ಹಾಗಾದರೆ ಇದನ್ನು ತೀರ್ಮಾನ ಮಾಡಿದ್ದು ಯಾವುದು?

ಉತ್ತರ ಕಾಲ ಕೆಳಗಿದೆ. ಕಲ್ಲು ಯಾವುದು, ಅದರ ಮೇಲಿನ ಮಣ್ಣು ಯಾವುದು, ಇಳಿಜಾರು ಎಷ್ಟು ಕಡಿದು, ಒಳಗೆ ನೀರು ಎಷ್ಟು, ಮೇಲೆ ಕಾಡಿದೆಯೋ ಕಡಿದ ರಸ್ತೆಯಿದೆಯೋ. ನಾನು ಈ ಲೇಖನ ಬರೆಯೋಕೆ ಕಾರಣವೂ ಇದೇ. ಭೂಕಂಪವನ್ನು ಮೊದಲೇ ಹೇಳೋಕೆ ಆಗಲ್ಲ ಅನ್ನೋ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆ ಅಂದರೆ, ಭೂಕಂಪದಲ್ಲಿ ಆಗುವ ಯಾವ ಸಾವನ್ನೂ ಮೊದಲೇ ಊಹಿಸೋಕೆ ಆಗಲ್ಲ ಅಂತ ನಂಬಿಬಿಟ್ಟಿದ್ದೇವೆ. ಅದು ತಪ್ಪು. ಈ ತಪ್ಪು ನಂಬಿಕೆಯಿಂದ ಲಾಭ ಆಗೋದು ಯಾರಿಗೆ ಅನ್ನೋದನ್ನೂ ಕೇಳಬೇಕು.

ಐದು ಪ್ರಶ್ನೆ, ನಾಲ್ಕಕ್ಕೆ ಉತ್ತರ ಈಗಲೇ ಇದೆ

ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ಜಗತ್ತಿನ ಯಾವುದೇ ಮೂಲೆಯಲ್ಲಿ ದೊಡ್ಡ ಭೂಕಂಪವಾದರೆ ‘ಎಲ್ಲೆಲ್ಲಿ ಗುಡ್ಡ ಕುಸಿದಿರಬಹುದು’ ಅಂತ ಒಂದು ಅಂದಾಜು ನಕ್ಷೆ ಬಿಡುಗಡೆ ಮಾಡುತ್ತೆ. ಉಪಗ್ರಹ ಚಿತ್ರ ಬರೋಕೂ ಮುಂಚೆ, ಯಾರೂ ಸ್ಥಳಕ್ಕೆ ಹೋಗೋಕೂ ಮುಂಚೆ ಇದು ತಯಾರಾಗಿರುತ್ತೆ. ಹೇಗೆ?

ಆ ಲೆಕ್ಕಾಚಾರ ಮುಖ್ಯವಾಗಿ ಐದು ವಿಷಯ ಕೇಳುತ್ತೆ. ಆ ಜಾಗದಲ್ಲಿ ನೆಲ ಎಷ್ಟು ಜೋರಾಗಿ ಅಲುಗಿತು? ಇಳಿಜಾರು ಎಷ್ಟು? ಕಲ್ಲಿನ ಜಾತಿ ಯಾವುದು? ನೆಲದ ಮೇಲೆ ಏನಿದೆ, ಕಾಡೋ, ಹೊಲವೋ, ಬೋಳು ನೆಲವೋ? ನೀರು ನಿಲ್ಲುವ ಜಾಗವೋ ಹರಿದುಹೋಗುವ ಜಾಗವೋ?

ಈ ಐದರಲ್ಲಿ ಭೂಕಂಪ ಆಗೋವರೆಗೂ ಗೊತ್ತಾಗದೇ ಇರುವುದು ಮೊದಲನೆಯದು ಮಾತ್ರ. ಉಳಿದ ನಾಲ್ಕು ಈ ಕ್ಷಣಕ್ಕೂ ಅಲ್ಲೇ ಇವೆ. ಅಳೆದು ನಕ್ಷೆ ಮಾಡಬಹುದು, ಮಾಡಿಯೂ ಇದ್ದಾರೆ. ಅಂದರೆ ದಿನಾಂಕ ಗೊತ್ತಿಲ್ಲ, ವಿಳಾಸ ಗೊತ್ತಿದೆ.

ಇದನ್ನು ಮಳೆಯ ಭೂಕುಸಿತದ ಜೊತೆ ಹೋಲಿಸಿ ನೋಡಿ. ಮಳೆಗೆ ರೆಡ್ ಅಲರ್ಟ್ ಕೊಡಬಹುದು. ಎರಡು ದಿನ ಮುಂಚೆ ಶಾಲೆಗೆ ರಜೆ ಕೊಟ್ಟು, ಊರು ಖಾಲಿ ಮಾಡಿಸಬಹುದು. ನಮ್ಮ ಭೂವೈಜ್ಞಾನಿಕ ಸಮೀಕ್ಷೆ ಸಂಸ್ಥೆ ಜಿಎಸ್‌ಐ 2024ರಲ್ಲಿ ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಶುರು ಮಾಡಿದೆ, ಒಳ್ಳೆಯದೇ. ಆದರೆ ಅದರ ಬುಲೆಟಿನ್‌ಗಳು ನಿಂತಿರೋದು ಮಳೆಯ ಲೆಕ್ಕದ ಮೇಲೆ. ಭೂಕಂಪಕ್ಕೆ ಅಂಥ ಎರಡು ದಿನ ಸಿಗಲ್ಲ, ಎರಡು ನಿಮಿಷವೂ ಸಿಗಲ್ಲ. ಅಲ್ಲಿ ನಕ್ಷೆಯೇ ಮುನ್ಸೂಚನೆ. ಮನೆ, ಶಾಲೆ, ರಸ್ತೆ ಎಲ್ಲಿ ಕಟ್ಟಿದ್ದೇವೆ ಅನ್ನೋದೇ ಪರಿಹಾರ ಕಾರ್ಯಾಚರಣೆ. ಭೂಕಂಪದ ದಿನ ಮಾಡೋಕೆ ಉಳಿಯೋದು ತುಂಬಾ ಕಡಿಮೆ.

ಕಲ್ಲಿಗೂ ಒಂದು ಚರಿತ್ರೆ ಇದೆ

ಹೊಕ್ಕೈಡೊದ ದಿಣ್ಣೆಗಳು ಅಷ್ಟು ಸುಲಭಕ್ಕೆ ಜಾರಿದ್ದು ಯಾಕೆ? ಆ ಭಾಗದಲ್ಲಿ ತಾರುಮಾಯಿ, ಎನಿವಾ ಅನ್ನೋ ಜ್ವಾಲಾಮುಖಿಗಳಿವೆ. ಸಾವಿರಾರು ವರ್ಷಗಳ ಹಿಂದೆ ಅವು ಉಗುಳಿದ ಬೂದಿ ಮತ್ತು ಪ್ಯೂಮಿಸ್, ಅಂದರೆ ರಂಧ್ರ ತುಂಬಿದ ಹಗುರ ಕಲ್ಲು, ದಿಣ್ಣೆಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಕಾಲ ಕಳೆದಂತೆ ಆ ಪ್ಯೂಮಿಸ್ ಪದರದ ತಳಭಾಗ ನೀರು ಹಿಡಿದುಕೊಳ್ಳುವ ಮೆತ್ತನೆ ಜೇಡಿಯಾಗಿ ಬದಲಾಗಿತ್ತು. ಮೇಲಿನಿಂದ ನೋಡಿದರೆ ಹಸಿರು ಕಾಡು, ಒಳಗೆ ಜಾರುಬಂಡೆ. ಬೆಳಗಿನ ಜಾವ 3 ಗಂಟೆ ಕಳೆದು 7 ನಿಮಿಷಕ್ಕೆ ನೆಲ ಅಲುಗಿದಾಗ ಆ ಪದರ ಹಿಡಿತ ಬಿಟ್ಟಿತು. ಆ ಭೂಕಂಪದಲ್ಲಿ ಸತ್ತ 44 ಜನರಲ್ಲಿ 36 ಮಂದಿ ಅತ್ಸುಮಾ ಅನ್ನೋ ಒಂದೇ ಪಟ್ಟಣಕ್ಕೆ ಸೇರಿದವರು. ದಿಣ್ಣೆಯ ಬುಡದ ಮನೆಗಳಲ್ಲಿ ಮಲಗಿದ್ದವರ ಮೇಲೆ ಮಣ್ಣು ಬಂದಿತ್ತು.

ಇನ್ನೊಂದು ಉದಾಹರಣೆ ತೈವಾನಿನ ತ್ಸಾವೊಲಿಂಗ್. 1999ರ ಸೆಪ್ಟೆಂಬರ್ 21ರ ಚಿ-ಚಿ ಭೂಕಂಪದಲ್ಲಿ ಅಲ್ಲಿ ಬೆಟ್ಟದ ಇಡೀ ಮೈ ಜಾರಿ ನದಿಗೆ ಬಿತ್ತು. ಆಘಾತ ದೊಡ್ಡದು, ಆದರೆ ಅಚ್ಚರಿ ಪಡುವಂಥದ್ದೇನೂ ಇರಲಿಲ್ಲ. ಯಾಕೆ ಅಂದರೆ ಅದೇ ಬೆಟ್ಟದ ಮೈ 1862ರಲ್ಲಿ ಭೂಕಂಪಕ್ಕೆ ಜಾರಿತ್ತು, 1941ರಲ್ಲಿ ಮತ್ತೆ ಭೂಕಂಪಕ್ಕೆ, 1942ರಲ್ಲಿ ಮತ್ತು 1979ರಲ್ಲಿ ಮಳೆಗೆ. ಕಾರಣ ಕಲ್ಲಿನ ಪದರಗಳ ಓರೆ. ಮರಳುಗಲ್ಲು, ಜೇಡಿಗಲ್ಲಿನ ಪದರಗಳು ಅಲ್ಲಿ ಬೆಟ್ಟದ ಇಳಿಜಾರು ಯಾವ ಕಡೆಗಿದೆಯೋ ಅದೇ ಕಡೆಗೆ ವಾಲಿವೆ. ಒಂದರ ಮೇಲೊಂದು ಪೇರಿಸಿದ ದೋಸೆಗಳ ತಟ್ಟೆಯನ್ನು ಕೊಂಚ ಓರೆ ಹಿಡಿದು ಅಲುಗಿಸಿ, ಅರ್ಥವಾಗುತ್ತೆ. ಪದರಗಳ ವಾಲಿಕೆ ಸುಮಾರು 14 ಡಿಗ್ರಿ ಅಷ್ಟೇ. ಕಣ್ಣಿಗೆ ಕಡಿದಾಗಿ ಕಾಣದ ಜಾಗವೂ ಅಪಾಯಕಾರಿ ಆಗಿರಬಹುದು, ಪದರ ಯಾವ ಕಡೆ ತಿರುಗಿದೆ ಅನ್ನೋದು ಮುಖ್ಯ.

ಮೂರನೆಯದು ನಮಗೆ ಹತ್ತಿರದ್ದು. 2005ರ ಅಕ್ಟೋಬರ್ 8ರ ಕಾಶ್ಮೀರ ಭೂಕಂಪ, ಮ್ಯಾಗ್ನಿಟ್ಯೂಡ್ 7.6. ಮುಜಫರಾಬಾದ್ ಪಟ್ಟಣದ ಹಿಂದಿನ ಬೆಟ್ಟಸಾಲಿನ ಮೇಲೆ ಅವತ್ತು ಮೂಡಿದ ಬಿಳಿ ಗಾಯಗಳು ಎಷ್ಟೋ ದೂರದಿಂದ ಕಾಣುತ್ತಿದ್ದವು. ಬಿಳಿ ಯಾಕೆ ಅಂದರೆ ಆ ಕಲ್ಲು ಡೋಲಮೈಟ್, ಸುಣ್ಣಕಲ್ಲಿನ ನೆಂಟ. ಅದು ಫಾಲ್ಟ್‌ಗೆ, ಅಂದರೆ ಭೂಮಿಯೊಳಗಿನ ಸೀಳಿಗೆ ಅಂಟಿಕೊಂಡೇ ಇದೆ. ಸೀಳು ಪ್ರತಿ ಸಲ ಸರಿದಾಗಲೂ ಆ ಕಲ್ಲು ಜಜ್ಜಿಹೋಗಿದೆ. ಹೊರಗೆ ಬಂಡೆ ಅನ್ನಿಸಿದರೂ ಒಳಗೆ ಅದು ಪುಡಿ ಆಗೋಕೆ ಕಾಯುತ್ತಿದ್ದ ಕಲ್ಲು. ಹಿಂದಿನ ಭೂಕಂಪಗಳು ಮುಂದಿನ ಭೂಕುಸಿತಗಳಿಗೆ ಹೀಗೆ ನೆಲ ಹದ ಮಾಡಿ ಹೋಗಿರುತ್ತವೆ.

ಬುಡ ಅಲುಗಿದರೆ ತುದಿ ತೂಗುತ್ತೆ

ಕಲ್ಲಿನ ನಂತರ ಬೆಟ್ಟದ ಆಕಾರ. ಅಡಿಕೆ ಮರದ ಬುಡ ಕೊಂಚ ಅಲುಗಿದರೂ ತುದಿ ಎಷ್ಟು ತೂಗುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಬೆಟ್ಟದ ನೆತ್ತಿಯೂ ಹಾಗೆಯೇ. ಕೆಳಗಿನಿಂದ ಬಂದ ಕಂಪನದ ಅಲೆಗಳು ಕಿರಿದಾದ ನೆತ್ತಿಯಲ್ಲಿ ಒಟ್ಟಾಗಿ ಅಲ್ಲಿನ ಅಲುಗಾಟವನ್ನು ಹೆಚ್ಚಿಸುತ್ತವೆ. ಹಾಗಾಗಿ ಭೂಕಂಪದ ಕುಸಿತಗಳು ಬಹಳ ಸಲ ಬೆಟ್ಟದ ಮೇಲ್ಭಾಗದಲ್ಲೇ ಶುರುವಾಗುತ್ತವೆ. ಮಳೆಯ ಕುಸಿತಗಳಿಗೆ ಈ ರೀತಿಯ ಒಲವು ಇಲ್ಲ, ನೀರು ಸೇರುವ ಕೆಳಭಾಗ, ಹಳ್ಳ ಕೊರೆದ ಬದಿಗಳಲ್ಲೂ ಅವು ಧಾರಾಳವಾಗಿ ಆಗುತ್ತವೆ. ಮಳೆಯ ಅನುಭವದಿಂದ ‘ಈ ಜಾಗ ಸೇಫ್’ ಅಂದುಕೊಂಡ ಊರು ಭೂಕಂಪದಲ್ಲಿ ಸೇಫ್ ಆಗಿರಲೇಬೇಕು ಅಂತೇನೂ ಇಲ್ಲ. ಹಿಮಾಲಯದ ಎಷ್ಟೋ ಹಳ್ಳಿಗಳು ಇರೋದು ಇಂಥ ಏಣುಗಳ ಮೇಲೆಯೇ.

ಈಗ ವೆಂಚುವಾನ್ ಮತ್ತು ಗೂರ್ಖಾದ ಒಗಟಿಗೆ ಬರೋಣ. ವೆಂಚುವಾನ್ ಇರುವ ಲಾಂಗ್‌ಮೆನ್‌ಶಾನ್ ಬೆಟ್ಟಸಾಲು ಸಿಚುವಾನ್ ಬಯಲಿನಿಂದ ಗೋಡೆಯ ಹಾಗೆ ಏಳುತ್ತೆ. ಸುಮಾರು 500 ಮೀಟರ್ ಎತ್ತರದ ಬಯಲಿಂದ ಹೊರಟರೆ 50 ಕಿ.ಮೀ. ಹೋಗೋದರೊಳಗೆ 4,000 ಮೀಟರ್ ಮೀರಿದ ಶಿಖರಗಳು. ಅಲ್ಲಿ ಭೂಮಿಯ ಸೀಳು ನೆಲದ ಮೇಲ್ಮೈವರೆಗೂ ಬಿಚ್ಚಿಕೊಂಡಿತು, 200 ಕಿ.ಮೀ.ಗೂ ಉದ್ದಕ್ಕೆ. ಒಂದು ಹಾಸು ಇನ್ನೊಂದರ ಮೇಲೆ ಹತ್ತುವ ಇಂಥ ಸೀಳಿನಲ್ಲಿ ಮೇಲೆ ಹತ್ತುವ ಹಾಸು ಹೆಚ್ಚು ಜೋರಾಗಿ ಅಲುಗುತ್ತೆ. ಕುಸಿತಗಳು ಕಿಕ್ಕಿರಿದಿದ್ದು ಆ ಬದಿಯಲ್ಲೇ.

ನೇಪಾಳದಲ್ಲಿ ಸೀಳು ಮೇಲಕ್ಕೆ ಬರಲಿಲ್ಲ, ನೆಲದಾಳದಲ್ಲೇ ನಿಂತಿತು. ಇಷ್ಟು ದೊಡ್ಡ ಭೂಕಂಪಕ್ಕೆ ಎಷ್ಟು ನಿರೀಕ್ಷಿಸಬಹುದಿತ್ತೋ ಅಷ್ಟು ಗುಡ್ಡಗಳು ಬೀಳದೇ ಇರೋಕೆ ಅದೂ ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಬಿದ್ದವೂ ಎಲ್ಲೆಂದರಲ್ಲಿ ಬೀಳಲಿಲ್ಲ. ಕೇಂದ್ರಬಿಂದು ಗೂರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ. ಸೀಳು ಅಲ್ಲಿಂದ ಪೂರ್ವಕ್ಕೆ ಓಡಿತು. ಕುಸಿತಗಳು ಹೆಚ್ಚಾಗಿದ್ದು ಪೂರ್ವದ ಕಡೆ, ಮಧ್ಯಮ ಎತ್ತರದ ಗುಡ್ಡಗಳು ಮುಗಿದು ಎತ್ತರದ ಹಿಮಾಲಯ ಕಡಿದಾಗಿ ಏಳುವ ಪಟ್ಟಿಯಲ್ಲಿ, ಸಿಂಧುಪಾಲ್‌ಚೋಕ್, ರಸುವಾ ಜಿಲ್ಲೆಗಳ ಕಣಿವೆಗಳಲ್ಲಿ. ರಸುವಾದ ಲಾಂಗ್‌ಟಾಂಗ್ ಹಳ್ಳಿಯ ಮೇಲೆ ಮೇಲಿನಿಂದ ಹಿಮ ಮತ್ತು ಬಂಡೆ ಒಟ್ಟಿಗೆ ಬಂದು 300ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಟಿವಿಗಳು ಆ ದಿನಗಳಲ್ಲಿ ಹೆಚ್ಚಾಗಿ ತೋರಿಸಿದ್ದು ಕಠ್ಮಂಡುವಿನ ಬಿದ್ದ ಗೋಪುರವನ್ನು. ಕಣಿವೆಯ ಹಳ್ಳಿಗಳ ಕತೆ ಹೊರಗೆ ಬರೋಕೆ ದಿನಗಳೇ ಹಿಡಿದವು, ಯಾಕೆ ಅಂದರೆ ದಾರಿಯೂ ಅದೇ ಕುಸಿತದ ಕೆಳಗೆ ಹೋಗಿತ್ತು.

ನಡುಕ ನಿಂತ ಮೇಲೆ ಶುರುವಾಗುವ ಭೂಕಂಪ

ನಡುಕ ಒಂದೆರಡು ನಿಮಿಷದ್ದು. ಅದರ ಬಾಲ ವರ್ಷಗಟ್ಟಲೆ ಉದ್ದ. ಮೊದಲ ಬಾಲ ನದಿಗೆ ಬೀಳುತ್ತೆ. ಕಡಿದಾದ ಕಣಿವೆಯಲ್ಲಿ ಗುಡ್ಡ ಕುಸಿದರೆ ಮಣ್ಣು ನದಿಗೆ ಅಡ್ಡ ನಿಂತು ಅಣೆಕಟ್ಟಾಗುತ್ತೆ. ಇಂಜಿನಿಯರ್ ಇಲ್ಲದ, ಗೇಟಿಲ್ಲದ ಅಣೆಕಟ್ಟು.

1950ರ ಆಗಸ್ಟ್ 15ರ ಸಂಜೆ, ದೇಶ ಸ್ವಾತಂತ್ರ್ಯದ ಮೂರನೇ ವಾರ್ಷಿಕೋತ್ಸವ ಆಚರಿಸುತ್ತಿದ್ದಾಗ, ಅಸ್ಸಾಂ-ಟಿಬೆಟ್ ಗಡಿಯಲ್ಲಿ 8.6ರ ಭೂಕಂಪವಾಯಿತು. ಗುಡ್ಡ ಕುಸಿದು ಬ್ರಹ್ಮಪುತ್ರದ ಉಪನದಿ ಸುಬನ್ಸಿರಿಗೆ ಅಡ್ಡಗಟ್ಟಿತು. 8 ದಿನ ಬಿಟ್ಟು ಆ ಕಟ್ಟೆ ಒಡೆದು ಬಂದ ಪ್ರವಾಹಕ್ಕೆ 500ಕ್ಕೂ ಹೆಚ್ಚು ಜನ ಬಲಿಯಾದರು. ಭೂಕಂಪದಿಂದ ಬದುಕಿ ಉಳಿದು, ಒಂದು ವಾರ ಕಳೆದ ಮೇಲೆ ಅದೇ ಭೂಕಂಪಕ್ಕೆ ಸತ್ತವರು ಇವರು. ಗುಡ್ಡಗಳಿಂದ ಇಳಿದ ಮಣ್ಣು ಬ್ರಹ್ಮಪುತ್ರದ ತಳವನ್ನೇ ಎತ್ತರಿಸಿತು, ದಿಬ್ರುಗಢ ಪಟ್ಟಣ ಅದರ ನಂತರ ನದಿಕೊರೆತದ ವಿರುದ್ಧ ಹೋರಾಡುತ್ತಲೇ ಬಂದಿದೆ. ಅದೇ ಸುಬನ್ಸಿರಿಯ ಮೇಲೆ ಈಗ 2,000 ಮೆಗಾವ್ಯಾಟ್‌ನ ಜಲವಿದ್ಯುತ್ ಅಣೆಕಟ್ಟು ಎದ್ದಿದೆ. ಅಸ್ಸಾಮಿನ ವಿದ್ಯಾರ್ಥಿ, ರೈತ ಸಂಘಟನೆಗಳ ಪ್ರತಿಭಟನೆಯಿಂದ 2011ರ ಕೊನೆಯಲ್ಲಿ ನಿಂತ ಅದರ ಕೆಲಸ ಮತ್ತೆ ಶುರುವಾಗಿದ್ದು 2019ರಲ್ಲಿ. ಅವರನ್ನು ‘ಅಭಿವೃದ್ಧಿ ವಿರೋಧಿಗಳು’ ಅಂತ ಕರೆಯೋದು ಸುಲಭ. ಅವರ ಭಯದ ಹಿಂದೆ 1950 ಇದೆ ಅನ್ನೋದನ್ನು ಹೇಳೋರು ಕಡಿಮೆ.

2005ರಲ್ಲಿ ಕಾಶ್ಮೀರದ ಹಟ್ಟಿಯಾನ್ ಬಾಲಾ ಹತ್ತಿರ ಸುಮಾರು 1,000 ಜನರನ್ನು ಹೂತುಹಾಕಿದ ಕುಸಿತ ಕಟ್ಟಿದ ಕೆರೆ 2010ರ ಫೆಬ್ರವರಿಯಲ್ಲಿ ಒಡೆಯಿತು, 4 ವರ್ಷಕ್ಕೂ ಹೆಚ್ಚು ಕಾಲದ ನಂತರ. ಹಾಗಂತ ಏನೂ ಮಾಡೋಕಾಗಲ್ಲ ಅಂತಲ್ಲ. 2008ರಲ್ಲಿ ಚೀನಾದ ತಾಂಗ್‌ಜಿಯಾಶಾನ್‌ನಲ್ಲಿ ಇಂಥದ್ದೇ ಕೆರೆ ಮೂಡಿದಾಗ ಕೆಳಗಿನ 2 ಲಕ್ಷಕ್ಕೂ ಹೆಚ್ಚು ಜನರನ್ನು ತೆರವು ಮಾಡಿ, ಕಾಲುವೆ ತೋಡಿ, ಜೂನ್ 10ರಂದು ನೀರನ್ನು ಬಿಟ್ಟರು. ದೊಡ್ಡ ಸಾವು ತಪ್ಪಿತು.

ಎರಡನೇ ಬಾಲ ಮಳೆ. ಅಲುಗಿದ ಇಳಿಜಾರುಗಳಲ್ಲಿ ಬಿರುಕು ಬಿಟ್ಟಿರುತ್ತೆ, ಬಿದ್ದ ಮಣ್ಣು ಹಳ್ಳಗಳಲ್ಲಿ ರಾಶಿಯಾಗಿ ಕೂತಿರುತ್ತೆ. ಮೊದಲು ಏನೂ ಮಾಡದಿದ್ದ ಮಳೆ ಈಗ ಅದನ್ನೆಲ್ಲ ಕೆಸರಿನ ಪ್ರವಾಹ ಮಾಡಿ ಇಳಿಸುತ್ತೆ. ವೆಂಚುವಾನ್ ಭೂಕಂಪದಲ್ಲಿ ನಾಶವಾದ ಹಳೆಯ ಬೀಚುವಾನ್ ಪಟ್ಟಣದ ಅವಶೇಷಗಳನ್ನು ಅದೇ ವರ್ಷದ ಸೆಪ್ಟೆಂಬರ್ 24ರ ಮಳೆಯ ಕೆಸರು ಹೂತಿತು. 2010ರ ಆಗಸ್ಟ್‌ನಲ್ಲಿ, ಅಂದರೆ ಎರಡು ವರ್ಷ ದಾಟಿದ ಮೇಲೂ, ಪುನರ್ನಿರ್ಮಾಣ ಆಗುತ್ತಿದ್ದ ಊರುಗಳ ಮೇಲೆ ಕೆಸರು ಬಂತು. ತೈವಾನಿನಲ್ಲೂ ಅಷ್ಟೇ, 1999ರ ಭೂಕಂಪದ ಲೆಕ್ಕವನ್ನು 2001ರ ತೊರಾಜಿ ಚಂಡಮಾರುತ ಮತ್ತೆ ತೆರೆಯಿತು. ಪರಿಹಾರದ ಚೆಕ್ ಕೊಟ್ಟು, ಫೋಟೊ ತೆಗೆಸಿಕೊಂಡು, ಅದೇ ಜಾಗದಲ್ಲಿ ಮನೆ ಕಟ್ಟಿಕೊಳ್ಳಿ ಅನ್ನೋದು ಯಾಕೆ ಅಪಾಯ ಅಂತ ಇಲ್ಲಿ ಗೊತ್ತಾಗುತ್ತೆ. ಬೀಚುವಾನ್ ಪಟ್ಟಣವನ್ನು ಚೀನಾ ಅದೇ ಜಾಗದಲ್ಲಿ ಮತ್ತೆ ಕಟ್ಟಲಿಲ್ಲ, ಸುಮಾರು 20 ಕಿ.ಮೀ. ಆಚೆ ಹೊಸದಾಗಿ ಕಟ್ಟಿತು. ಜನರನ್ನು ಕೇಳದೆ ಎತ್ತಂಗಡಿ ಮಾಡುವ ಆ ವ್ಯವಸ್ಥೆಯನ್ನು ನಾನು ಹೊಗಳೋದಿಲ್ಲ. ಆದರೆ ಜಾಗದ ಪ್ರಶ್ನೆಯನ್ನು ಅವರು ಕೇಳಿಕೊಂಡರು. ನಾವು ಅದನ್ನೂ ಕೇಳಿಕೊಳ್ಳೋದಿಲ್ಲ.

ನಾವೇ ಕಡಿದ ಇಳಿಜಾರು

ಕಲ್ಲು, ಪದರ, ನೆತ್ತಿ ಇವೆಲ್ಲ ಪ್ರಕೃತಿ ಕೊಟ್ಟಿದ್ದು. ಇಳಿಜಾರಿನ ಕೋನ ಮಾತ್ರ ನಾವು ಬದಲಿಸಬಲ್ಲದ್ದು, ಬದಲಿಸುತ್ತಲೂ ಇದ್ದೇವೆ. ಜೆಸಿಬಿ ಗುಡ್ಡದ ಪಾದ ಕಡಿದಾಗ ಮೇಲಿನ ಭಾಗ ಆಧಾರ ಕಳೆದುಕೊಳ್ಳುತ್ತೆ. ಮಳೆಗಾಲದಲ್ಲಿ ಅದು ಜಾರಿದರೆ ಸುದ್ದಿ ಆಗುತ್ತೆ. ಜಾರದೇ ನಿಂತರೆ ‘ಗಟ್ಟಿ ಇದೆ’ ಅಂದುಕೊಳ್ಳುತ್ತೇವೆ. ಭೂಕಂಪ ಬಂದಾಗ ಆ ಎಲ್ಲ ಕಡಿತಗಳ ಪರೀಕ್ಷೆ ಒಂದೇ ನಿಮಿಷದಲ್ಲಿ ನಡೆಯುತ್ತೆ. 2005ರ ಕಾಶ್ಮೀರದ ಕುಸಿತಗಳನ್ನು ಸ್ಥಳಕ್ಕೆ ಹೋಗಿ ಅಧ್ಯಯನ ಮಾಡಿದವರು, ಅವುಗಳಲ್ಲಿ ದೊಡ್ಡ ಪಾಲು ರಸ್ತೆ ಮತ್ತಿತರ ಕೆಲಸಕ್ಕೆ ಕಡಿದ ಇಳಿಜಾರುಗಳಲ್ಲೇ ಆಗಿದ್ದವು ಅಂತ ದಾಖಲಿಸಿದ್ದಾರೆ.

ಇದನ್ನು ಮನಸ್ಸಲ್ಲಿಟ್ಟುಕೊಂಡು ಉತ್ತರಾಖಂಡದ ಚಾರ್‌ಧಾಮ್ ಹೆದ್ದಾರಿಯನ್ನು ನೋಡಿ. ಒಟ್ಟು 889 ಕಿ.ಮೀ. ಯೋಜನೆ. 100 ಕಿ.ಮೀ. ಮೀರಿದ ಹೆದ್ದಾರಿ ಕೆಲಸಕ್ಕೆ ಪರಿಸರ ಪರಿಣಾಮ ಅಧ್ಯಯನ ಬೇಕು ಅನ್ನೋ ನಿಯಮ ಇತ್ತು. ಯೋಜನೆಯನ್ನು 53 ತುಂಡು ಮಾಡಲಾಯಿತು, ಒಂದೊಂದು ತುಂಡೂ 100 ಕಿ.ಮೀ.ಗಿಂತ ಕಡಿಮೆ. ಅಲ್ಲಿಗೆ ಅಧ್ಯಯನದ ಪ್ರಶ್ನೆಯೇ ಮುಗಿಯಿತು. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದ ರವಿ ಚೋಪ್ರಾ ರಸ್ತೆಯ ಅಗಲ ಕಡಿಮೆ ಇರಲಿ ಅಂತ ವಾದಿಸಿದರು. 2021ರ ಡಿಸೆಂಬರ್‌ನಲ್ಲಿ ನ್ಯಾಯಾಲಯ, ಸೇನೆಯ ಅಗತ್ಯದ ಕಾರಣಕ್ಕೆ, ಅಗಲವಾದ ರಸ್ತೆಗೇ ಒಪ್ಪಿಗೆ ಕೊಟ್ಟಿತು. ಕೆಲವೇ ವಾರಗಳಲ್ಲಿ ಚೋಪ್ರಾ ಸಮಿತಿಯಿಂದ ಹೊರಬಂದರು.

ಗಂಗೋತ್ರಿಗೆ ಹೋಗುವ ದಾರಿ ಉತ್ತರಕಾಶಿಯ ಮೂಲಕ, ಬದರಿಗೆ ಹೋಗುವ ದಾರಿ ಚಮೋಲಿಯ ಮೂಲಕ. 1991ರ ಅಕ್ಟೋಬರ್ 20ರಂದು ಉತ್ತರಕಾಶಿಯಲ್ಲಿ, 1999ರ ಮಾರ್ಚ್ 29ರಂದು ಚಮೋಲಿಯಲ್ಲಿ ಭೂಕಂಪ ಆಗಿದೆ, ಎರಡರಲ್ಲೂ ಗುಡ್ಡ ಕುಸಿದಿದೆ. ಅಂದರೆ ಈ ಕಣಿವೆಗಳು ತಮ್ಮ ಸ್ವಭಾವವನ್ನು ನಮಗೆ ಆಗಲೇ ತೋರಿಸಿವೆ. ಕರ್ನಾಟಕದ ಊರೂರುಗಳಿಂದ ಪ್ರತಿ ವರ್ಷ ಬಸ್ಸು, ರೈಲು ಹತ್ತಿ ಕೇದಾರ-ಬದರಿಗೆ ಹೋಗುವ ನಮ್ಮ ಅಜ್ಜ ಅಜ್ಜಿಯರು, ಅಪ್ಪ ಅಮ್ಮಂದಿರು ಹಾದುಹೋಗೋದು ಇದೇ ಕಡಿದ ಇಳಿಜಾರುಗಳ ಕೆಳಗೆ.

‘ಗಡಿಗೆ ಸೈನ್ಯ ಹೋಗಬೇಡವಾ? ಪಹಾಡಿಗಳಿಗೆ ರಸ್ತೆ ಬೇಡವಾ?’ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಆಸ್ಪತ್ರೆಗೆ ಹೋಗೋಕೆ ದಾರಿ ಇಲ್ಲದೆ ಸಾಯುವವರ ಮುಂದೆ ನಿಂತು ರಸ್ತೆ ಬೇಡ ಅನ್ನೋ ಹಕ್ಕು ಬೆಂಗಳೂರಿನಲ್ಲಿ ಕೂತ ನನಗಿಲ್ಲ. ಆದರೆ 2011ರ ಸೆಪ್ಟೆಂಬರ್ 18ರ ಸಿಕ್ಕಿಂ ಭೂಕಂಪವನ್ನು ನೆನಪಿಸಿಕೊಳ್ಳಿ. ಮ್ಯಾಗ್ನಿಟ್ಯೂಡ್ 6.9, ಮಳೆಗಾಲದ ಕೊನೆ, ನೆನೆದ ಗುಡ್ಡಗಳು. ಮಂಗನ್, ಚುಂಗ್‌ಥಾಂಗ್, ಲಾಚುಂಗ್ ಕಡೆಯ ರಸ್ತೆಗಳೆಲ್ಲ ಕಡಿದುಹೋದವು. ಸೇನೆಗೂ ರಕ್ಷಣಾ ತಂಡಗಳಿಗೂ ಒಳಗೆ ಹೋಗೋದೇ ದೊಡ್ಡ ಸವಾಲಾಯಿತು. ದೇಶದ ಭದ್ರತೆಗೆ ರಸ್ತೆ ಬೇಕು ಅಂದರೆ ಅದು ಭೂಕಂಪದ ಮರುದಿನವೂ ಇರಬೇಕು. 10 ಮೀಟರ್ ಅಗಲದ ರಸ್ತೆ ಮೊದಲ ನಡುಕಕ್ಕೇ ನೂರು ಕಡೆ ಮುಚ್ಚಿಹೋದರೆ ಅದರಿಂದ ಸೈನಿಕನಿಗೂ ಉಪಯೋಗ ಇಲ್ಲ, ಹೆರಿಗೆ ನೋವಿನ ಹೆಂಗಸಿಗೂ ಇಲ್ಲ.

ಕೊಡಗಿನಲ್ಲಿ ಕೇಳಿದ ಪ್ರಶ್ನೆ

ಇಲ್ಲಿ ನಮ್ಮದೇ ಒಂದು ಕತೆ ಸೇರಿಸಬೇಕು. 2018ರ ಜುಲೈ 9ರಂದು ಕೊಡಗಿನಲ್ಲಿ 3.4ರ ಸಣ್ಣ ಕಂಪನ ದಾಖಲಾಯಿತು. ಮುಂದಿನ ತಿಂಗಳು ಮಡಿಕೇರಿ, ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಜಾರಿದವು. ‘ಭೂಕಂಪದಿಂದಲೇ ಹೀಗಾಯ್ತು’ ಅನ್ನೋ ಮಾತು ಜೋರಾಗಿ ಹಬ್ಬಿತು. ಭಯದಲ್ಲಿದ್ದ ಜನ ಹಾಗೆ ಕೇಳಿದ್ದು ಸಹಜ.

ಉತ್ತರ ಏನು? ಡೇವಿಡ್ ಕೀಫರ್ ಅನ್ನೋ ಭೂವಿಜ್ಞಾನಿ ಜಗತ್ತಿನ 40 ಭೂಕಂಪಗಳ ದಾಖಲೆ ನೋಡಿ 1984ರಲ್ಲಿ ಬರೆದ ಪ್ರಬಂಧ ಈ ಕ್ಷೇತ್ರದಲ್ಲಿ ಬುನಾದಿ. ಅದರ ಪ್ರಕಾರ ಗುಡ್ಡ ಕುಸಿಯುವಂತೆ ಮಾಡಬಲ್ಲ ಅತಿ ಸಣ್ಣ ಭೂಕಂಪ ಹೆಚ್ಚೂಕಡಿಮೆ 4.0. ಗೂರ್ಖಾ ಭೂಕಂಪದ ಶಕ್ತಿ 3.4ರ ಕಂಪನದ ಶಕ್ತಿಗಿಂತ ಸುಮಾರು 40 ಲಕ್ಷ ಪಟ್ಟು. ಜಿಎಸ್‌ಐ ಅಧ್ಯಯನ ಬೊಟ್ಟು ಮಾಡಿದ್ದು ವಿಪರೀತ ಮಳೆಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಮನಬಂದಂತೆ ಕಡಿದ ಇಳಿಜಾರುಗಳ ಕಡೆಗೆ.

ಯಾವ ವಾದ ಯಾರಿಗೆ ಅನುಕೂಲ ನೋಡಿ. ಭೂಕಂಪ ಅಂದರೆ ದೇವರ ಆಟ, ಯಾರನ್ನೂ ಕೇಳೋ ಹಾಗಿಲ್ಲ. ಇಳಿಜಾರು ಕಡಿದಿದ್ದು ಅಂದರೆ ಲೈಸೆನ್ಸ್ ಕೊಟ್ಟವರು ಯಾರು, ಭೂಪರಿವರ್ತನೆಗೆ ಸಹಿ ಹಾಕಿದವರು ಯಾರು ಅನ್ನೋ ಪ್ರಶ್ನೆ ಬರುತ್ತೆ. ಕೊಡಗಿನಲ್ಲಿ ಆಗದ ಕೆಲಸದ ಹೊಣೆಯನ್ನು ಭೂಕಂಪದ ತಲೆಗೆ ಕಟ್ಟಿದೆವು. ಹಿಮಾಲಯದಲ್ಲಿ ಆಗಬಹುದಾದ ಭೂಕಂಪವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗುಡ್ಡ ಕಡಿಯುತ್ತಿದ್ದೇವೆ. ಎರಡೂ ಕಡೆ ತಪ್ಪಿಸಿಕೊಳ್ಳೋದು ಕಡಿದವರೇ.

ಹಾಗಂತ ಪಶ್ಚಿಮಘಟ್ಟಕ್ಕೆ ಭೂಕಂಪವೇ ಬರಲ್ಲ ಅಂತ ನಿಶ್ಚಿಂತೆಯಿಂದ ಇರೋ ಹಾಗೂ ಇಲ್ಲ. 1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ 6 ಮೀರಿದ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಹಿಮಾಲಯಕ್ಕೆ ಹೋಲಿಸಿದರೆ ನಮ್ಮ ಅಪಾಯ ಬಹಳ ಕಡಿಮೆ. ಆದರೆ ಮಳೆಗೆ ಜಾರಲು ತಯಾರಾಗಿ ನಿಂತ ಇಳಿಜಾರು, ನಡುಕಕ್ಕೂ ತಯಾರಾಗಿಯೇ ನಿಂತಿರುತ್ತೆ.

ಹಾಗಾದರೆ ಏನು ಕೇಳಬೇಕು?

ಜಿಎಸ್‌ಐ ದೇಶದ 4 ಲಕ್ಷ ಚದರ ಕಿ.ಮೀ.ಗೂ ಹೆಚ್ಚು ಬೆಟ್ಟಪ್ರದೇಶದ ಭೂಕುಸಿತ ಸಾಧ್ಯತೆಯ ನಕ್ಷೆ ಮಾಡಿದೆ. ದೊಡ್ಡ ಕೆಲಸ. ಆದರೆ ಅದರ ಅಳತೆ 1:50,000. ಅಂದರೆ ನಕ್ಷೆಯ ಮೇಲಿನ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. ಅಷ್ಟರಲ್ಲಿ ಒಂದು ಹಳ್ಳಿಯೇ ಮುಚ್ಚಿಹೋಗುತ್ತೆ, ಶಾಲೆ ಯಾವ ಇಳಿಜಾರಿನ ಕೆಳಗಿದೆ ಅಂತ ಕಾಣಲ್ಲ.

ನನ್ನ ಪ್ರಕಾರ ಕೇಳಬೇಕಾದ ಬೇಡಿಕೆಗಳು ನಾಲ್ಕು. ಒಂದು, ಹಿಮಾಲಯದ ಜಿಲ್ಲೆಗಳಿಗೆ ಊರಿನ ಮಟ್ಟದ ನಕ್ಷೆ, ಅದರಲ್ಲಿ ಮಳೆಯ ಜೊತೆ ಭೂಕಂಪದ ಲೆಕ್ಕವೂ ಇರಬೇಕು, ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿ ಗೋಡೆಯ ಮೇಲೆ ಇರಬೇಕು. ಎರಡು, ಯೋಜನೆಯನ್ನು ತುಂಡು ಮಾಡಿ ಪರಿಸರ ಅಧ್ಯಯನದಿಂದ ನುಣುಚಿಕೊಳ್ಳೋದನ್ನು ಕಾನೂನೇ ತಡೆಯಬೇಕು. ಕಡಿದ ಪ್ರತಿ ಇಳಿಜಾರಿಗೂ ಅದನ್ನು ಭದ್ರ ಮಾಡುವ ಖರ್ಚು ಟೆಂಡರಿನಲ್ಲೇ ಇರಬೇಕು. ಮೂರು, ಶಾಲೆ ಮತ್ತು ಆಸ್ಪತ್ರೆಗಳನ್ನು ಮೊದಲು ಪರಿಶೀಲಿಸಬೇಕು. ನಾಲ್ಕು, ದೊಡ್ಡ ಭೂಕಂಪದ ನಂತರ ಅಡ್ಡಗಟ್ಟಿದ ನದಿಗಳನ್ನು ಹುಡುಕುವ, ಮುಂದಿನ ಕೆಲವು ಮಳೆಗಾಲಗಳಿಗೆ ಊರುಗಳನ್ನು ಕಾಯುವ ಯೋಜನೆ ಈಗಲೇ ಬರೆದಿಟ್ಟಿರಬೇಕು.

ಇವು ಕ್ರಾಂತಿಕಾರಿ ಬೇಡಿಕೆಗಳೇನಲ್ಲ. ದುಡ್ಡಿಗಿಂತ ಹೆಚ್ಚಾಗಿ ಬೇಕಿರೋದು, ವಿಜ್ಞಾನ ಹೇಳಿದ್ದನ್ನು ಕೇಳಿಸಿಕೊಳ್ಳುವ ಸರ್ಕಾರ, ಮತ್ತು ಸರ್ಕಾರ ಕೇಳಿಸಿಕೊಳ್ಳೋವರೆಗೂ ಬಿಡದೆ ಕೇಳುವ ನಾವು. ಮುಂದಿನ ಸಲ ಹಿಮಾಲಯದಲ್ಲಿ ಭೂಮಿ ನಡುಗಿದ ಸುದ್ದಿ ಬಂದಾಗ ಮ್ಯಾಗ್ನಿಟ್ಯೂಡ್ ಎಷ್ಟು ಅಂತ ಖಂಡಿತ ಕೇಳಿ. ಜೊತೆಗೆ ಇನ್ನೊಂದನ್ನೂ ಕೇಳಿ: ಬಿದ್ದ ಗುಡ್ಡ ನಕ್ಷೆಯಲ್ಲಿ ಇತ್ತಾ? ಇದ್ದರೆ, ಅದರ ಕೆಳಗೆ ರಸ್ತೆಗೆ, ಮನೆಗೆ, ಶಾಲೆಗೆ ಸಹಿ ಹಾಕಿದ್ದು ಯಾರು?